ಮಕ್ಕಳಿಗೆ ಮಂಪರು ಕೊಡುವಾಗ: ತಾಲೂಕು ಆಸ್ಪತ್ರೆಯ ನರ್ಸ್, ಡಾಕ್ಟರಿಗಾಗಿ

ಹೊಲಿಗೆ ಹಾಕಲು, ಮುರಿದ ಮೂಳೆ ಕೂರಿಸಲು, ಸುಟ್ಟ ಗಾಯದ ಪಟ್ಟಿ ಬದಲಿಸಲು, ಬೆನ್ನುಹುರಿಯ ನೀರು ತೆಗೆಯಲು, ಸ್ಕ್ಯಾನ್ ಮಾಡಲು ಮಕ್ಕಳಿಗೆ ಮಂಪರು ಕೊಡುವ ಕೆಲಸ ದೊಡ್ಡ ಆಸ್ಪತ್ರೆಗಳಲ್ಲಷ್ಟೇ ನಡೆಯುವುದಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪ, ಕುಷ್ಟಗಿಯಂಥ ಊರುಗಳಲ್ಲೂ ಅದರ ಅಗತ್ಯ ಬೀಳುತ್ತದೆ. ಅರಿವಳಿಕೆ ತಜ್ಞರು ಎಲ್ಲ ಹೊತ್ತೂ ಕೈಗೆ ಸಿಗದ ಕಡೆ ದುಡಿಯುವ ನರ್ಸ್ ಮತ್ತು ಡಾಕ್ಟರಿಗಾಗಿ ಇದನ್ನು ಬರೆದಿದೆ. ಪಾಲಕರೂ ಓದಲಿ. ಆದರೆ ಇಲ್ಲಿರುವ ಡೋಸ್‌ಗಳೆಲ್ಲ ಆಸ್ಪತ್ರೆಯೊಳಗೆ, ಆಕ್ಸಿಜನ್ ಪಕ್ಕದಲ್ಲಿಟ್ಟುಕೊಂಡು ಕೊಡುವಂಥವು. ‘ಮನೆಯಲ್ಲೇ ನಿದ್ದೆ ಸಿರಪ್ ಕುಡಿಸಿಕೊಂಡು ಬನ್ನಿ’ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ದಾರಿಯಲ್ಲಿ ಬಸ್ಸಿನೊಳಗೆ ಕೂಸಿನ ಉಸಿರು ಕಟ್ಟಿದರೆ ನೋಡುವವರು ಯಾರೂ ಇರುವುದಿಲ್ಲ.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಮಂಪರಿನಲ್ಲಿ ಮಗುವಿಗೆ ಅಪಾಯ ಬರುವುದು ಉಸಿರಿನ ದಾರಿಯಿಂದ. ನಾಲಿಗೆ ಹಿಂದಕ್ಕೆ ಬಿದ್ದು, ಇಲ್ಲವೇ ಉಸಿರೇ ನಿಧಾನವಾಗಿ ನಿಂತು ಆಕ್ಸಿಜನ್ ಇಳಿಯುತ್ತದೆ. ಹೃದಯ ನಿಲ್ಲುವುದು ಅದರ ನಂತರ. ತೂಕಕ್ಕೆ ಹೋಲಿಸಿದರೆ ಚಿಕ್ಕ ಮಗು ದೊಡ್ಡವರ ಎರಡು ಪಟ್ಟು ಆಕ್ಸಿಜನ್ ಬಳಸುತ್ತದೆ, ಹಾಗಾಗಿ ಅದರ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಬೇಗ ಕುಸಿಯುತ್ತದೆ. ಸಮಯಕ್ಕೆ ಗದ್ದ ಎತ್ತಿ ಹಿಡಿದರೆ ಬಹಳಷ್ಟು ಸಲ ಅಷ್ಟಕ್ಕೇ ಎಲ್ಲ ಸರಿಹೋಗುತ್ತದೆ. ಯಾರೂ ನೋಡದಿದ್ದರೆ ಅದೇ ಮಗು ಕೈತಪ್ಪಿ ಹೋಗುತ್ತದೆ. ಆದ್ದರಿಂದ ಔಷಧಿ ಯಾವುದು ಎಂಬುದಕ್ಕಿಂತ ಮೊದಲು ಮಗುವನ್ನು ನೋಡುವವರು ಯಾರು ಎಂಬುದನ್ನು ತೀರ್ಮಾನಿಸಿ. ಹೊಲಿಗೆ ಹಾಕುವ ಡಾಕ್ಟರು ಆ ವ್ಯಕ್ತಿ ಆಗಲಾರರು, ಕಾಲು ಹಿಡಿದುಕೊಂಡ ಆಯಾ ಕೂಡ ಆಗಲಾರರು. ಬೇರೆ ಯಾವ ಕೆಲಸವೂ ಇಲ್ಲದೆ ಮಗುವಿನ ಮುಖ, ಎದೆ, ಮಾನಿಟರ್ ಮೂರನ್ನೇ ನೋಡುವ, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತಲು ಬರುವ ಒಬ್ಬರು ಬೇಕು. ಅಂಥವರು ಸಿಗದ ದಿನ ಮಂಪರು ಕೊಡಬೇಡಿ.

ಇನ್ನೊಂದು: ‘ಸ್ವಲ್ಪ ಮಂಪರು’ ಮತ್ತು ‘ಪೂರ್ತಿ ಅರಿವಳಿಕೆ’ ನಡುವೆ ಗೋಡೆ ಇಲ್ಲ, ಇಳಿಜಾರಿದೆ. ಕೂಗಿದರೆ ಕಣ್ಣು ಬಿಡುವಷ್ಟು ಮಂಪರು ಕೊಟ್ಟೆವು ಅಂದುಕೊಂಡ ಮಗು ಹತ್ತು ನಿಮಿಷದಲ್ಲಿ ಚಿವುಟಿದರೂ ಏಳದ ಹಂತಕ್ಕೆ ಜಾರಬಹುದು. ನೀವು ಅಂದುಕೊಂಡದ್ದಕ್ಕಿಂತ ಒಂದು ಹಂತ ಆಳದ ಮಗುವನ್ನು ನಿಭಾಯಿಸುವ ಸಿದ್ಧತೆ ಇಟ್ಟುಕೊಂಡೇ ಶುರುಮಾಡಿ.

ಮಂಪರು ಬೇಕೇ ಬೇಕಾ?

ಹಲವು ಸಲ ಬೇಡ. ಇಂದಿನ ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ತಾಯಿ ಪಕ್ಕದಲ್ಲಿ ಮಾತಾಡಿಸುತ್ತಿದ್ದರೆ ಸಾಕು. ಮೂರು ತಿಂಗಳೊಳಗಿನ ಕೂಸಿಗೆ ಹೊಟ್ಟೆತುಂಬ ಮೊಲೆಹಾಲು ಕುಡಿಸಿ, ಬೆಚ್ಚಗೆ ಸುತ್ತಿ, ಕಿವಿ ಮುಚ್ಚಿ ಮಲಗಿಸಿದರೆ ಎಂಆರ್‌ಐ ಕೂಡ ಔಷಧಿಯಿಲ್ಲದೆ ಆಗುವುದುಂಟು. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿಗೆ ರಾತ್ರಿ ತಡವಾಗಿ ಮಲಗಿಸಿ ನಸುಕಿನಲ್ಲಿ ಎಬ್ಬಿಸಿ ಕರೆತಂದರೆ ಮಗು ತಾನಾಗಿ ನಿದ್ದೆ ಹೋಗುತ್ತದೆ. ಮಂಪರಿನ ಔಷಧಿಯಾದ ಮಿಡಜೋಲಂ ಕೊಟ್ಟರೆ ಇಇಜಿಯ ಗೆರೆಗಳೇ ಬದಲಾಗುತ್ತವೆ.

ಸಣ್ಣ ಹೊಲಿಗೆಗೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಸಾಕು. ಅಡ್ರಿನಲಿನ್ ಇಲ್ಲದ 2% ಲಿಗ್ನೊಕೇನಿನಲ್ಲಿ ಮಿಲಿಗೆ 20 ಮಿಗ್ರಾಂ ಇರುತ್ತದೆ. ಕೆಜಿಗೆ 4 ಮಿಗ್ರಾಂ ದಾಟಬೇಡಿ. 12 ಕೆಜಿ ಮಗುವಿಗೆ ಅದು 48 ಮಿಗ್ರಾಂ, ಅಂದರೆ 2.4 ಮಿಲಿ. ಸಣ್ಣ ಸೂಜಿ ಹಾಕಿ, ನಿಧಾನಕ್ಕೆ ಬಿಡಿ, ಎರಡು-ಮೂರು ನಿಮಿಷ ಕಾಯಿರಿ. ಮಗು ಚೀರುವುದು ಬಹುಪಾಲು ಈ ಕಾಯುವಿಕೆಯನ್ನು ಬಿಟ್ಟದ್ದರಿಂದ. ಸೂಜಿ ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಮುಲಾಮನ್ನು ಒಂದು ತಾಸು ಮುಂಚೆ ಹಚ್ಚಿ ಮುಚ್ಚಿಟ್ಟರೆ ಇನ್ನೂ ಒಳ್ಳೆಯದು.

ಇಲ್ಲಿ ಬೇಡ, ಮುಂದಕ್ಕೆ ಕಳಿಸಿ ಎನ್ನಬೇಕಾದ ಮಕ್ಕಳು

ಮೂರು ತಿಂಗಳೊಳಗಿನವು, ತಿಂಗಳು ತುಂಬುವ ಮೊದಲೇ ಹುಟ್ಟಿ ಇನ್ನೂ ಚಿಕ್ಕದಿರುವವು (ಮಂಪರಿನ ನಂತರ ಅವುಗಳ ಉಸಿರು ನಡುನಡುವೆ ನಿಲ್ಲುತ್ತದೆ), ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವು, ದೊಡ್ಡ ಟಾನ್ಸಿಲ್, ಚಿಕ್ಕ ಗದ್ದ, ಡೌನ್ ಸಿಂಡ್ರೋಮ್ ಇರುವವು, ಹೃದಯದ ತೊಂದರೆ, ಹತೋಟಿಗೆ ಬಾರದ ಆಸ್ತಮಾ ಇರುವವು. ಇಂಥ ಮಗುವಿಗೆ ತಜ್ಞರೇ ಬೇಕು. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ಗೆ ಮೊದಲು ಫೋನ್ ಮಾಡಿ ಮಾತಾಡಿ, ಚೀಟಿ ಬರೆದು ಕಳಿಸಿ.

ತಲೆಗೆ ಪೆಟ್ಟು ಬಿದ್ದು ಎಚ್ಚರ ಕಡಿಮೆಯಾಗುತ್ತಿರುವ ಮಗು ಸ್ಕ್ಯಾನಿಗೆ ಒದ್ದಾಡುತ್ತಿದೆ ಎಂದು ಮಂಪರು ಕೊಡುವುದು ದೊಡ್ಡ ತಪ್ಪು. ಆ ಒದ್ದಾಟವೇ ಮಿದುಳಿನೊಳಗೆ ಒತ್ತಡ ಏರುತ್ತಿರುವ ಸೂಚನೆ ಇರಬಹುದು. ಉಸಿರು ಇಳಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಒತ್ತಡ ಇನ್ನಷ್ಟು ಏರುತ್ತದೆ.

ನೆಗಡಿ, ಗೊಳಗೊಳ ಕೆಮ್ಮು, ಜ್ವರ ಇದ್ದರೆ, ತುರ್ತಿಲ್ಲದ ಕೆಲಸವನ್ನು ಎರಡರಿಂದ ನಾಲ್ಕು ವಾರ ಮುಂದೂಡಿ. ನೆಗಡಿಯ ಗಂಟಲು ಸಣ್ಣ ಹನಿಗೂ ಸೆಟೆದು ಮುಚ್ಚಿಕೊಳ್ಳುತ್ತದೆ. ಎರಡು ಬಸ್ ಬದಲಿಸಿ, ದಿನದ ಕೂಲಿ ಬಿಟ್ಟು ಬಂದವರಿಗೆ ‘ಇವತ್ತು ಆಗೋದಿಲ್ಲ’ ಎನ್ನುವುದು ಕಷ್ಟ. ಹಾಗಾಗಿ ತಾರೀಖು ಕೊಡುವಾಗಲೇ, ‘ನೆಗಡಿ ಬಂದರೆ ಹಿಂದಿನ ದಿನ ಫೋನ್ ಮಾಡಿರಿ’ ಎಂದು ನಂಬರ್ ಬರೆದುಕೊಡಿ.

ತೂಕ: ತೂಗಿಯೇ ಬರೆಯಿರಿ

ಪುಸ್ತಕದ ಲೆಕ್ಕದಲ್ಲಿ ನಾಲ್ಕು ವರ್ಷದ ಮಗು 16 ಕೆಜಿ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ತೂಕ ಕಡಿಮೆಯ ಮಕ್ಕಳು ಬಹಳ. ಅದೇ ವಯಸ್ಸಿನ ಹುಡುಗ ತಕ್ಕಡಿ ಮೇಲೆ 12 ಕೆಜಿ ಇದ್ದರೆ, ವಯಸ್ಸು ನೋಡಿ ಕೊಟ್ಟ ಡೋಸ್ ಮೂರನೇ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ. ನಿಲ್ಲದ ಮಗುವನ್ನು ತಾಯಿ ಎತ್ತಿಕೊಂಡು ತೂಗಲಿ, ಆಮೇಲೆ ತಾಯಿಯೊಬ್ಬಳೇ ನಿಲ್ಲಲಿ, ಕಳೆಯಿರಿ. ತೂಕವನ್ನು ಕೇಸ್ ಶೀಟಿನ ತುದಿಯಲ್ಲಿ ಕೆಂಪು ಇಂಕಿನಲ್ಲಿ ಬರೆದು, ಪಕ್ಕದಲ್ಲೇ ಔಷಧಿಯನ್ನು ಮಿಗ್ರಾಂನಲ್ಲೂ ಮಿಲಿಯಲ್ಲೂ ಬರೆಯಿರಿ. ಇನ್ನೊಬ್ಬರು ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಲಿ.

ಹೊಟ್ಟೆ ಖಾಲಿ, ಆದರೆ ಒಣಗಿಸಬೇಡಿ

ನೀರು, ಸಕ್ಕರೆ ನೀರಿನಂಥ ತಿಳಿ ಪಾನೀಯ 2 ತಾಸು ಮುಂಚಿನವರೆಗೆ. ಮೊಲೆಹಾಲು 4 ತಾಸು. ಆಕಳ-ಎಮ್ಮೆ ಹಾಲು, ಪುಡಿ ಹಾಲು, ಅಂಬಲಿ, ಗಂಜಿ, ಬಿಸ್ಕೀಟು, ಹಗುರ ಊಟ 6 ತಾಸು. ಮಿರ್ಚಿ, ಒಗ್ಗರಣೆ ಮಂಡಕ್ಕಿ, ಮಾಂಸ, ಎಣ್ಣೆ ಜಾಸ್ತಿ ಇರುವ ಏನೇ ಆದರೂ 8 ತಾಸು. ಹಾಲು ಹಾಕಿದ ಚಹಾ ಮತ್ತು ಮಜ್ಜಿಗೆ ನೀರಿನ ಲೆಕ್ಕಕ್ಕೆ ಬರುವುದಿಲ್ಲ.

‘ರಾತ್ರಿಯಿಂದ ಏನೂ ಕೊಡಬೇಡಿ’ ಎಂಬ ಒಂದೇ ಮಾತು ಹೇಳಿ ಕಳಿಸುವ ರೂಢಿ ಬಿಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಳ್ಳಿಯಿಂದ ನಸುಕಿಗೆ ಹೊರಟು ಹತ್ತಕ್ಕೆ ಬಂದು ಹನ್ನೆರಡರವರೆಗೆ ಪಾಳಿ ಕಾದ ಕೂಸು ಒಣಗಿರುತ್ತದೆ. ನರ ಸಿಗುವುದಿಲ್ಲ, ಸಕ್ಕರೆ ಅಂಶ ಇಳಿದಿರುತ್ತದೆ, ಔಷಧಿ ಬಿದ್ದೊಡನೆ ಬಿಪಿ ಕುಸಿಯುತ್ತದೆ. ಒಂಬತ್ತು ಗಂಟೆಯ ಪಾಳಿ ಎಂದಾದರೆ ಹೀಗೆ ಹೇಳಿ: ರಾತ್ರಿ ಊಟ ಮಾಡಿಸಿ ಮಲಗಿಸ್ರಿ; ಎದೆಹಾಲು ಕುಡಿಯೋ ಕೂಸಾದ್ರೆ ಮುಂಜಾನೆ ಐದರೊಳಗ ಕುಡಿಸ್ರಿ; ಏಳರವರೆಗೆ ನೀರು, ಸಕ್ಕರೆ ನೀರು ಕೊಡ್ರಿ. ಚಿಕ್ಕ ಮಕ್ಕಳಿಗೆ, ದೂರದಿಂದ ಬಂದವರಿಗೆ ಮೊದಲ ಪಾಳಿ ಕೊಡಿ. ತಡವಾಗುವಂತಿದ್ದರೆ ಯಾರಾದರೂ ಹೊರಗೆ ಬಂದು ‘ಇನ್ನೊಮ್ಮೆ ನೀರು ಕುಡಿಸ್ರಿ’ ಎಂದು ಹೇಳಬೇಕು.

ಬಂದಾಗ ಕೇಳುವ ರೀತಿಯೂ ಮುಖ್ಯ. ‘ಏನಾದರೂ ಕೊಟ್ಟೀರೇನು?’ ಎಂದರೆ ‘ಇಲ್ರಿ’ ಎಂಬ ಉತ್ತರ ಬರುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕೀಟನ್ನು ‘ತಿಂದದ್ದು’ ಎಂದು ಎಷ್ಟೋ ಮನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ‘ಯವ್ವಾ, ಕೂಸು ಕಡೀಕ ಏನು ತಿಂತು? ಎಷ್ಟು ಹೊತ್ತಿಗೆ? ಬಸ್ಸಿನ್ಯಾಗ ಏನು ಕೊಟ್ರಿ?’ ಎಂದು ಕೇಳಿ. ಜೊತೆಗೆ ಬಂದ ಅಜ್ಜಿಯನ್ನೂ ಬೇರೆಯಾಗಿ ಕೇಳಿ. ಮನೆಮಾತು ತೆಲುಗೋ ಉರ್ದುವೋ ಆದರೆ ಆ ಭಾಷೆ ಬಲ್ಲವರಿಂದ ಕೇಳಿಸಿ. ಪೆಟ್ಟು ಬಿದ್ದ ಮಗುವಿನ ಹೊಟ್ಟೆ ಎಷ್ಟು ಕಾದರೂ ಖಾಲಿಯಾಯಿತು ಎಂದು ನಂಬಲಾಗದು. ಅಲ್ಲಿ ತುರ್ತು ಎಷ್ಟು ಎಂಬುದನ್ನು ಡಾಕ್ಟರು ತೂಗಿ ನೋಡಿ, ಸಕ್ಷನ್ (ಬಾಯಿಯಲ್ಲಿನ ವಾಂತಿ, ಜೊಲ್ಲು ಎಳೆದು ತೆಗೆಯುವ ಯಂತ್ರ) ಕೈಯಲ್ಲೇ ಇಟ್ಟುಕೊಂಡು ಮುಂದುವರಿಯಬೇಕು.

ಸಾಮಾನು: ಮಗು ಮಂಚಕ್ಕೆ ಬರುವ ಮೊದಲೇ

ಸಕ್ಷನ್ ಹಾಕಿ ನೋಡಿ, ಅಂಗೈಗೆ ತುದಿ ಹಿಡಿದರೆ ಎಳೆಯಬೇಕು. 8 ಮತ್ತು 10 ನಂಬರ್ ಪೈಪುಗಳ ಜೊತೆ ಗಟ್ಟಿ ತುದಿಯ ಸಕ್ಷನ್ ನಳಿಕೆಯೂ ಇರಲಿ, ವಾಂತಿಯ ಅನ್ನದ ಅಗುಳು ಸಣ್ಣ ಪೈಪಿನಲ್ಲಿ ಬರುವುದಿಲ್ಲ. ಕರೆಂಟ್ ಹೋದರೆ ಸಕ್ಷನ್ ಮೆಷಿನ್ನೂ ಆಕ್ಸಿಜನ್ ಕಾನ್ಸಂಟ್ರೇಟರೂ ಒಟ್ಟಿಗೇ ನಿಲ್ಲುತ್ತವೆ. ಆದ್ದರಿಂದ ಕಾಲಲ್ಲಿ ತುಳಿಯುವ ಸಕ್ಷನ್ ಒಂದು, ತುಂಬಿದ ಸಿಲಿಂಡರ್ ಒಂದು ಕೋಣೆಯಲ್ಲೇ ಇರಬೇಕು. ಬಿ-ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಒಂದು ತಾಸಿಗೆ 600 ಲೀಟರ್ ಬೇಕು, ಹಾಗಾಗಿ ಗೇಜಿನ ಮುಳ್ಳು ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸಿ. ಸಿಲಿಂಡರಿನ ಚಾವಿಯನ್ನು ಅದರ ಕತ್ತಿಗೇ ದಾರ ಹಾಕಿ ಕಟ್ಟಿ. ಉಸಿರು ನಿಂತ ಹೊತ್ತಿನಲ್ಲಿ ಚಾವಿ ಹುಡುಕುವಂತಾಗಬಾರದು.

500 ಮಿಲಿಯ ಮಕ್ಕಳ ಅಂಬು ಬ್ಯಾಗ್, 0ರಿಂದ 3ರವರೆಗಿನ ಮಾಸ್ಕ್. ಮಾಸ್ಕ್ ಮೂಗಿನ ಸೇತುವೆಯಿಂದ ಗದ್ದದ ಕುಳಿಯವರೆಗೆ ಕೂರಬೇಕು, ಕಣ್ಣಿಗೆ ಒತ್ತಬಾರದು. ಬಾಯಿಯ ಏರ್‌ವೇಯನ್ನು (ನಾಲಿಗೆ ಹಿಂದಕ್ಕೆ ಬೀಳದಂತೆ ತಡೆಯುವ ನಳಿಕೆ) ತುಟಿಯ ಮೂಲೆಯಿಂದ ದವಡೆಯ ಮೂಲೆಗೆ ಹಿಡಿದು ಅಳೆಯಿರಿ. ಎಲ್‌ಎಂಎ (ಗಂಟಲೊಳಗೆ ಕೂರುವ ಉಸಿರಿನ ಮಾಸ್ಕ್) 5ರಿಂದ 10 ಕೆಜಿಗೆ ಒಂದೂವರೆ, 10ರಿಂದ 20 ಕೆಜಿಗೆ ಎರಡನೇ ನಂಬರ್. ಶ್ವಾಸನಾಳಕ್ಕೆ ಹಾಕುವ, ಕಫ್ (ಗಾಳಿ ತುಂಬುವ ಸುತ್ತುಪಟ್ಟಿ) ಇರುವ ಟ್ಯೂಬಿನ ಅಳತೆ: ವಯಸ್ಸನ್ನು ನಾಲ್ಕರಿಂದ ಭಾಗಿಸಿ 3.5 ಕೂಡಿಸಿ, ಅದರ ಹಿಂದಿನದು, ಮುಂದಿನದು ಎರಡನ್ನೂ ತೆಗೆದಿಡಿ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತದೆಯೇ ಎಂದು ಪ್ರತಿ ಸಲ ನೋಡಿ.

ಅಡ್ರಿನಲಿನ್ 1 ಮಿಲಿಯನ್ನು ಸಲೈನಿನಲ್ಲಿ 10 ಮಿಲಿ ಮಾಡಿ, ಚೀಟಿ ಅಂಟಿಸಿಡಿ. ಹೃದಯ ನಿಂತರೆ ಅದರಲ್ಲಿ ಕೆಜಿಗೆ 0.1 ಮಿಲಿ. ಅಟ್ರೋಪಿನ್ (ಕೆಜಿಗೆ 0.02 ಮಿಗ್ರಾಂ), ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್, 10% ಡೆಕ್ಸ್‌ಟ್ರೋಸ್, ಮಿಡಜೋಲಂ ಕೊಡುವುದಾದರೆ ಅದರ ಪರಿಣಾಮ ಇಳಿಸುವ ಫ್ಲುಮಜೆನಿಲ್ ಕೂಡ ಅದೇ ಟ್ರೇಯಲ್ಲಿರಲಿ.

ಎಂಆರ್‌ಐ ಕೋಣೆಗೆ ಕಬ್ಬಿಣದ ಸಿಲಿಂಡರ್ ಒಯ್ಯುವಂತೆಯೇ ಇಲ್ಲ, ಅಯಸ್ಕಾಂತ ಅದನ್ನು ಎಳೆದು ಎಸೆಯುತ್ತದೆ. ಮಗುವಿನ ಮೈಮೇಲೂ ಹುಡುಕಿ: ಉಡದಾರದ ಗುಂಡು, ತಾಯಿತ, ಕಾಲ್ಗಡಗ, ಅಂಗಿಗೆ ಚುಚ್ಚಿದ ಪಿನ್ನು. ತಾಯಿತ ಬಿಚ್ಚಲು ಮನೆಯವರು ಹಿಂಜರಿದರೆ ಕಾರಣ ಹೇಳಿ, ತಾಯಿಯ ಕೈಯಿಂದಲೇ ಬಿಚ್ಚಿಸಿ ಅವರ ಸೆರಗಿಗೇ ಕಟ್ಟಿಕೊಡಿ.

ಔಷಧಿ: ಒಂದೊಂದರ ಗುಣ

ಟ್ರೈಕ್ಲೋಫಾಸ್ ಸಿರಪ್ ನೋವಿಲ್ಲದ ಕೆಲಸಕ್ಕೆ, ಅಂದರೆ ಎಕೋ (ಹೃದಯದ ಸ್ಕ್ಯಾನ್), ಇಇಜಿಗೆ. ಕೆಜಿಗೆ 50 ಮಿಗ್ರಾಂ. 5 ಮಿಲಿಗೆ 500 ಮಿಗ್ರಾಂ ಇರುವ ಸಿರಪ್ಪಿನಲ್ಲಿ 12 ಕೆಜಿಗೆ 6 ಮಿಲಿ. ಚಮಚದಲ್ಲಿ ಬೇಡ, ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ಬಿಡಿ. ಕೆಲಸ ಮಾಡಲು ಅರ್ಧದಿಂದ ಮುಕ್ಕಾಲು ತಾಸು ಬೇಕು, ಮೈಯಿಂದ ಹೋಗಲು ಅದಕ್ಕಿಂತ ಎಷ್ಟೋ ಹೆಚ್ಚು. ಅದರ ಅಂಶ ಎಂಟು-ಹತ್ತು ತಾಸಿನ ನಂತರವೂ ಅರ್ಧದಷ್ಟು ಉಳಿದಿರುತ್ತದೆ. ಎದ್ದು ನಕ್ಕ ಮಗು ದಾರಿಯಲ್ಲಿ ಮತ್ತೆ ಆಳ ನಿದ್ದೆಗೆ ಜಾರುವುದು ಇದರಿಂದಲೇ.

ಮಿಡಜೋಲಂ ಭಯ ಇಳಿಸುತ್ತದೆ, ನೋವು ಇಳಿಸುವುದಿಲ್ಲ. ಬಾಯಿಗೆ ಕೆಜಿಗೆ 0.5 ಮಿಗ್ರಾಂ, ಮೂಗಿಗೆ 0.2, ನರಕ್ಕೆ 0.05 ಮಿಗ್ರಾಂ ನಿಧಾನವಾಗಿ. ಮಿಲಿಗೆ 1 ಮಿಗ್ರಾಂ ಇರುವ ವಯಲ್, 5 ಮಿಗ್ರಾಂ ಇರುವ ವಯಲ್ ಎರಡೂ ಬರುತ್ತವೆ. 0.6 ಮಿಗ್ರಾಂ ಬೇಕಾದ ಮಗುವಿಗೆ ತಪ್ಪು ವಯಲಿನಿಂದ 0.6 ಮಿಲಿ ಎಳೆದರೆ ಹೋಗುವುದು 3 ಮಿಗ್ರಾಂ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ಕೆಲವು ಮಕ್ಕಳು ಇದರಿಂದ ಮಲಗುವ ಬದಲು ಕೆರಳಿ ಚೀರುತ್ತವೆ. ಆಗ ಮೇಲಿಂದ ಮೇಲೆ ಕೊಡುತ್ತಾ ಹೋಗಬೇಡಿ, ಬಿಟ್ಟುಬಿಡಿ.

ಕೆಟಮಿನ್ ನೋವಿರುವ ಕೆಲಸಕ್ಕೆ ನಮ್ಮ ಕಡೆ ಇರುವುದರಲ್ಲೇ ಒಳ್ಳೆಯದು. ಉಸಿರನ್ನು, ಬಿಪಿಯನ್ನು ಬಹುಮಟ್ಟಿಗೆ ಕಾಯುತ್ತದೆ. ನರಕ್ಕೆ ಕೆಜಿಗೆ 1ರಿಂದ 1.5 ಮಿಗ್ರಾಂ, ಪೂರ್ತಿ ಒಂದು ನಿಮಿಷ ತೆಗೆದುಕೊಂಡು ಬಿಡಿ. ಒಮ್ಮೆಲೇ ಒತ್ತಿದರೆ ಉಸಿರು ನಿಲ್ಲುತ್ತದೆ. ನರ ಸಿಗದಿದ್ದರೆ ತೊಡೆಯ ಸ್ನಾಯುವಿಗೆ ಕೆಜಿಗೆ 4 ಮಿಗ್ರಾಂ. 12 ಕೆಜಿ ಮಗುವಿಗೆ ನರಕ್ಕೆ ಬೇಕಾದ 12 ಮಿಗ್ರಾಂ, ಮಿಲಿಗೆ 50 ಮಿಗ್ರಾಂ ಇರುವ ವಯಲಿನಿಂದ ಅಂದರೆ 0.24 ಮಿಲಿ, ಕೈ ತಪ್ಪುವುದು ಸುಲಭ. ನರಕ್ಕೆ ಕೊಡಲು 1 ಮಿಲಿಗೆ 4 ಮಿಲಿ ಸಲೈನ್ ಕೂಡಿಸಿ ಮಿಲಿಗೆ 10 ಮಿಗ್ರಾಂ ಮಾಡಿಕೊಂಡರೆ 1.2 ಮಿಲಿ ಆಗುತ್ತದೆ. ಕಣ್ಣು ತೆರೆದೇ ಇರುತ್ತದೆ, ಗುಡ್ಡೆ ಆಡುತ್ತದೆ ಎಂದು ತಾಯಿಗೆ ಮುಂಚೆಯೇ ಹೇಳಿ, ಇಲ್ಲದಿದ್ದರೆ ಗಾಬರಿ ಬೀಳುತ್ತಾರೆ. ಏಳುವಾಗ ವಾಂತಿ ಸಾಮಾನ್ಯ.

ಪ್ರೊಪೋಫಾಲ್ ಅರಿವಳಿಕೆ ತಜ್ಞರ ಕೈಯಲ್ಲಷ್ಟೇ. ಪ್ರೊಮೆಥಜಿನ್ ಅಂದರೆ ಫೆನೆರ್ಗಾನ್ ಸಿರಪ್ಪನ್ನು ಎರಡು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು, ಉಸಿರು ನಿಂತು ಮಕ್ಕಳು ಸತ್ತ ಉದಾಹರಣೆಗಳಿವೆ. ಇದು ಇನ್ನೂ ಎಷ್ಟೋ ಕಡೆ ‘ನಿದ್ದೆ ಸಿರಪ್’ ಆಗಿ ನಡೆಯುತ್ತಿರುವುದು ನೋವಿನ ಸಂಗತಿ.

ಎಲ್ಲಕ್ಕಿಂತ ಹೆಚ್ಚು ಅನಾಹುತ ಆಗುವುದು ಔಷಧಿಯ ಮೇಲೆ ಔಷಧಿ ಪೇರಿಸಿದಾಗ. ಸಿರಪ್ ಕುಡಿಸಿ ಇಪ್ಪತ್ತು ನಿಮಿಷಕ್ಕೆ ಮಗು ಮಲಗಲಿಲ್ಲ. ಹೊರಗೆ ಪಾಳಿ ಬೆಳೆದಿದೆ. ಇನ್ನೊಂದಿಷ್ಟು ಸಿರಪ್, ಆಮೇಲೆ ಒಂದು ಇಂಜೆಕ್ಷನ್. ಮುಕ್ಕಾಲು ತಾಸಿಗೆ ಮೂರೂ ಒಟ್ಟಿಗೇ ಏರುತ್ತವೆ. ಮೊದಲ ಡೋಸ್ ಕೊಟ್ಟ ಸಮಯ ಬರೆದಿಡಿ, ಸಿರಪ್ಪಿಗೆ 45 ನಿಮಿಷ ಕಾಯಿರಿ, ಆಮೇಲೂ ಮಲಗದಿದ್ದರೆ ಹೆಚ್ಚೆಂದರೆ ಒಮ್ಮೆ ಮೊದಲಿನ ಅರ್ಧದಷ್ಟು. ಅದಕ್ಕೂ ಆಗದಿದ್ದರೆ ಆ ದಿನ ನಿಲ್ಲಿಸಿ.

ನೋಡುವವರ ಕೆಲಸ

ಪಲ್ಸ್ ಆಕ್ಸಿಮೀಟರನ್ನು ಬಿಪಿ ಪಟ್ಟಿ ಇಲ್ಲದ ಕೈಗೆ ಹಾಕಿ. ಭುಜದ ಕೆಳಗೆ ಮಡಚಿದ ಟವೆಲ್ ಇಡಿ. ಕೂಸಿನ ತಲೆಯ ಹಿಂಭಾಗ ದೊಡ್ಡದು, ತಲೆಗೆ ದಿಂಬಿಟ್ಟರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚುತ್ತದೆ. ಎದೆ ಮತ್ತು ಮುಖ ಬಟ್ಟೆಯಿಂದ ಮುಚ್ಚದಿರಲಿ. ಆಕ್ಸಿಜನ್ ಹರಿಯುತ್ತಿರುವಾಗ ಉಸಿರು ನಿಂತರೂ ಸ್ಯಾಚುರೇಶನ್ ಸ್ವಲ್ಪ ಹೊತ್ತು 99 ಎಂದೇ ತೋರಿಸುತ್ತಿರುತ್ತದೆ. ಆ ಅಂಕಿಯನ್ನು ನಂಬಿ ಕೂತವರು ಮೋಸ ಹೋಗುತ್ತಾರೆ. ಎದೆ ಏರಿಳಿಯುವುದನ್ನು ಕಣ್ಣಿಂದ ನೋಡಿ, ಕತ್ತಿನ ಬಳಿ ಸ್ಟೆತಸ್ಕೋಪ್ ಇಟ್ಟು ಕೇಳಿ. ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ) ಇದ್ದರೆ ಉಸಿರು ನಿಂತದ್ದನ್ನು ಅದೇ ಮೊದಲು ಹೇಳುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಗಳ 2019ರ ಮಾರ್ಗಸೂಚಿ ಆಳ ಮಂಪರಿಗೆ ಅದು ಬೇಕೆನ್ನುತ್ತದೆ. ನಾಡಿ, ಉಸಿರು, ಸ್ಯಾಚುರೇಶನ್, ಬಿಪಿಯನ್ನು ಐದು ನಿಮಿಷಕ್ಕೊಮ್ಮೆ ಬರೆಯಿರಿ.

ಅತಿ ಎಚ್ಚರ ಬೇಕಾದ ಗಳಿಗೆ ಕೆಲಸ ಮುಗಿದ ಮೇಲಿನದು. ಮೂಳೆ ಎಳೆಯುವಾಗಿನ ನೋವು ಮಗುವನ್ನು ಉಸಿರಾಡುವಂತೆ ಎಬ್ಬಿಸುತ್ತಿರುತ್ತದೆ. ಪಟ್ಟಿ ಕಟ್ಟಿಯಾಯಿತು, ನೋವು ನಿಂತಿತು, ಔಷಧಿ ಮಾತ್ರ ಇನ್ನೂ ರಕ್ತದಲ್ಲಿದೆ. ಎಲ್ಲರೂ ಕೈತೊಳೆಯಲು ಹೋದ ಆ ಐದು-ಹತ್ತು ನಿಮಿಷದಲ್ಲೇ ಉಸಿರು ನಿಲ್ಲುತ್ತದೆ. ನೋಡುವವರು ಆಗಲೂ ಜಾಗ ಬಿಟ್ಟು ಏಳಬಾರದು.

ಕೆಟ್ಟರೆ

ಗೊರಕೆ ಬಂತೆಂದರೆ ದಾರಿ ಅರ್ಧ ಮುಚ್ಚಿದೆ ಎಂದರ್ಥ, ಸುಖನಿದ್ದೆ ಅಂದುಕೊಳ್ಳಬೇಡಿ. ಗದ್ದ ಎತ್ತಿ, ಸಾಲದಿದ್ದರೆ ಎರಡೂ ಕೈಯಿಂದ ದವಡೆಯ ಮೂಲೆ ಹಿಡಿದು ಮುಂದಕ್ಕೆ ತಳ್ಳಿ. ಉಸಿರು ನಿಂತರೆ ಮಾಸ್ಕ್ ಬಿಗಿಯಾಗಿ ಕೂರಿಸಿ, ಎರಡು-ಮೂರು ಸೆಕೆಂಡಿಗೊಂದು ಸಲ, ಎದೆ ಏಳುವಷ್ಟೇ ಬ್ಯಾಗ್ ಒತ್ತಿ. ಜೋರಾಗಿ ಒತ್ತಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಆಗುತ್ತದೆ. ವಾಂತಿಯಾದರೆ ಎಡಮಗ್ಗುಲಿಗೆ ಹೊರಳಿಸಿ, ತಲೆ ತಗ್ಗಿಸಿ, ಸಕ್ಷನ್ ಹಾಕಿ.

ಎದೆ ಒಳಗೆ ಸೆಳೆಯುತ್ತಿದೆ, ಕೀಚಲು ಸದ್ದು ಇದೆ, ಇಲ್ಲವೇ ಸದ್ದೇ ಇಲ್ಲ, ಬ್ಯಾಗ್ ಒತ್ತಿದರೂ ಗಾಳಿ ಹೋಗುತ್ತಿಲ್ಲ ಎಂದರೆ ಗಂಟಲು ಸೆಟೆದಿದೆ. ಮಾಡುತ್ತಿರುವ ಕೆಲಸ ನಿಲ್ಲಿಸಿ. ಬಾಯಿ ಸ್ವಚ್ಛ ಮಾಡಿ. ಕಿವಿಹಾಲೆಯ ಹಿಂದಿನ ಗುಳಿಯಲ್ಲಿ ಬೆರಳಿಟ್ಟು ಒಳಕ್ಕೂ ಮುಂದಕ್ಕೂ ಗಟ್ಟಿಯಾಗಿ ಒತ್ತುತ್ತಾ ದವಡೆ ಎತ್ತಿ, ಪೂರ್ಣ ಆಕ್ಸಿಜನ್ನಿನ ಬ್ಯಾಗನ್ನು ಬಿಗಿ ಮಾಸ್ಕಿನಲ್ಲಿ ಒತ್ತಡದೊಂದಿಗೆ ಹಿಡಿದಿಡಿ. ಬಿಡದಿದ್ದರೆ ಸಕ್ಸಿನೈಲ್‌ಕೋಲಿನ್ ನರಕ್ಕೆ ಕೆಜಿಗೆ 1ರಿಂದ 2 ಮಿಗ್ರಾಂ, ನರ ಇಲ್ಲದಿದ್ದರೆ ಸ್ನಾಯುವಿಗೆ 4 ಮಿಗ್ರಾಂ, ಜೊತೆಗೆ ಅಟ್ರೋಪಿನ್. ಇದನ್ನು ಕೊಟ್ಟ ಮೇಲೆ ಮಗು ತಾನಾಗಿ ಉಸಿರಾಡುವುದಿಲ್ಲ, ಬ್ಯಾಗ್ ಒತ್ತುತ್ತಲೇ ಇರಬೇಕು. ಟ್ಯೂಬ್ ಹಾಕಲು ಬರುವವರು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಕೆಟಮಿನ್‌ಗೂ ಕೈ ಹಾಕಬೇಡಿ.

ಮಿಡಜೋಲಂ ಹೆಚ್ಚಾಗಿದ್ದರೆ ಮೊದಲು ಬ್ಯಾಗ್, ಆಮೇಲೆ ಫ್ಲುಮಜೆನಿಲ್ ಕೆಜಿಗೆ 0.01 ಮಿಗ್ರಾಂ, ಒಂದು ಸಲಕ್ಕೆ 0.2 ಮಿಗ್ರಾಂ ಮೀರದಂತೆ. ಫಿಟ್ಸಿಗಾಗಿ ದಿನಾ ಕ್ಲೋಬಜಾಮ್‌ನಂಥ ಮಾತ್ರೆ ನುಂಗುವ ಮಗುವಿಗೆ ಇದು ಫಿಟ್ಸ್ ತರಿಸಬಹುದು. ಇದರ ಪರಿಣಾಮ ಮಿಡಜೋಲಂಗಿಂತ ಮೊದಲೇ ಇಳಿಯುವುದರಿಂದ ಕನಿಷ್ಠ 2 ತಾಸು ಕೂರಿಸಿಕೊಂಡು ನೋಡಿ.

ಮನೆಗೆ ಕಳಿಸುವಾಗ

ತಾಯಿಯ ಗುರುತು ಹಿಡಿಯಬೇಕು, ಮೊದಲು ಹೇಗೆ ಕೂರುತ್ತಿತ್ತೋ ಹಾಗೆ ಆಸರೆಯಿಲ್ಲದೆ ಕೂರಬೇಕು, ಆಕ್ಸಿಜನ್ ಇಲ್ಲದೆಯೂ ಸ್ಯಾಚುರೇಶನ್ ಮೊದಲಿನಷ್ಟಿರಬೇಕು, ಗುಟುಕು ನೀರು ನುಂಗಬೇಕು. ಆಮೇಲೆ ಇನ್ನೊಂದು ಪರೀಕ್ಷೆ: ಯಾರೂ ಮಾತಾಡಿಸದೆ, ಸದ್ದಿಲ್ಲದ ಜಾಗದಲ್ಲಿ 20 ನಿಮಿಷ ಎಚ್ಚರವಾಗಿರುತ್ತದೆಯೇ ನೋಡಿ. ತೂಕಡಿಸಿದರೆ ಇನ್ನೂ ಹೊತ್ತಿದೆ. ಟ್ರೈಕ್ಲೋಫಾಸ್ ಕೊಟ್ಟ ಮಗುವನ್ನು ಕಡೆಯ ಬಸ್ಸಿನ ಅವಸರಕ್ಕೆ ಬಿಡಬೇಡಿ. ಹೊತ್ತಾದರೆ ವಾರ್ಡಿನಲ್ಲೇ ರಾತ್ರಿ ಉಳಿಸಿ.

ಬೈಕಿನಲ್ಲಿ ಅಪ್ಪ-ಅವ್ವನ ನಡುವೆ ಕೂರಿಸಿಕೊಂಡು ಹೋಗುವುದು ಬೇಡ, ಕತ್ತು ಬಗ್ಗಿದ್ದು ಯಾರಿಗೂ ಕಾಣುವುದಿಲ್ಲ. ಬಸ್ಸಿನಲ್ಲೋ ಆಟೋದಲ್ಲೋ ತೊಡೆಯ ಮೇಲೆ ಮುಖ ಕಾಣುವಂತೆ, ಗದ್ದ ಎದೆಗೆ ತಾಗದಂತೆ ಹಿಡಿದುಕೊಳ್ಳಲಿ, ಜೊತೆಗೆ ಇನ್ನೊಬ್ಬರು ದೊಡ್ಡವರಿರಲಿ. ಮನೆಯಲ್ಲಿ ಮೊದಲು ನೀರು, ವಾಂತಿಯಾಗದಿದ್ದರೆ ಗಂಜಿ, ಆಮೇಲೆ ಊಟ. ಮರುದಿನದವರೆಗೆ ಸೈಕಲ್, ಮಾಳಿಗೆ, ಕಾಲುವೆ ದಂಡೆ ಬೇಡ. ತುಂಗಭದ್ರಾ ಕಾಲುವೆ ಊರ ಪಕ್ಕದಲ್ಲೇ ಹರಿಯುವ ಹಳ್ಳಿಗಳಲ್ಲಿ ಇದನ್ನು ಎರಡು ಸಲ ಹೇಳಿ. ನಿದ್ದೆಯಲ್ಲಿ ಗೊರಕೆ ಜೋರಾದರೆ, ತುಟಿ ನೀಲಿಯಾದರೆ, ಅಲುಗಿಸಿದರೂ ಏಳದಿದ್ದರೆ, ಎರಡಕ್ಕಿಂತ ಹೆಚ್ಚು ಸಲ ವಾಂತಿಯಾದರೆ 108ಕ್ಕೆ ಕರೆ ಮಾಡಿ, ಗದ್ದ ಎತ್ತಿ ಹಿಡಿದು ಮಗ್ಗುಲಾಗಿ ಮಲಗಿಸಿಕೊಂಡಿರಲಿ. ಗದ್ದ ಎತ್ತುವುದು ಹೇಗೆಂದು ತಾಯಿಯ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ. ಕೊಟ್ಟ ಔಷಧಿ, ಪ್ರಮಾಣ, ಸಮಯವನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ; ರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾದರೆ ಅಲ್ಲಿನವರು ಮೊದಲು ಕೇಳುವುದು ಅದನ್ನೇ.